125 ಸಿಸಿಗೆ ಎರಡು ಸಿಲಿಂಡರ್ ಏಕೆ? ಹೋಂಡಾ ಸಿಬಿ92ರ ಲೆಕ್ಕಾಚಾರ

ಹೋಂಡಾ ಬೈಕುಗಳ ಮೇಲಿನ ‘ಸಿಬಿ’ ಎಂಬ ಹೆಸರು ಇಂದು ಭಾರತದ ರಸ್ತೆಗಳಿಗೂ ಚಿರಪರಿಚಿತ. ಆ ಹೆಸರನ್ನು ಮೊದಲು ಹೊತ್ತದ್ದು 1959ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಪುಟ್ಟ ಬೈಕು: ಸಿಬಿ92 ಬೆನ್ಲಿ ಸೂಪರ್ ಸ್ಪೋರ್ಟ್. ಒಂದು ಸಣ್ಣ ಕಾಫಿ ಲೋಟದಷ್ಟು, ಅಂದರೆ 125 ಸಿಸಿ ಗಾತ್ರವನ್ನು ಅದರ ಎಂಜಿನ್ ಎರಡು ಸಿಲಿಂಡರುಗಳಿಗೆ ಹಂಚಿತ್ತು. ಬಿಡಿಭಾಗಗಳೂ ಹೆಚ್ಚು, ಖರ್ಚೂ ಹೆಚ್ಚು. ಆದರೂ ಇದು ಬರಿಯ ಆಡಂಬರವಾಗಿರಲಿಲ್ಲ.

ಪುಟ್ಟ ಎಂಜಿನ್‌ನಿಂದ ಹೆಚ್ಚು ಶಕ್ತಿ ಪಡೆಯಲು ಇರುವ ದಾರಿಗಳಲ್ಲಿ ಮುಖ್ಯವಾದುದು ಅದನ್ನು ವೇಗವಾಗಿ ತಿರುಗಿಸುವುದು. ಅದಕ್ಕೆ ಅಡ್ಡಿಯಾಗುವುದು ಪಿಸ್ಟನ್. ಸಿಬಿ92ರಲ್ಲಿ ಪಿಸ್ಟನ್ನಿನ ವ್ಯಾಸ 44 ಮಿ.ಮೀ., ಅದು ಚಲಿಸುವ ದೂರ 41 ಮಿ.ಮೀ. ನಿಮಿಷಕ್ಕೆ 10,500 ಸುತ್ತುಗಳಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಇದೇ ಗಾತ್ರವನ್ನು 54 ಮಿ.ಮೀ. ವ್ಯಾಸ, ಅಷ್ಟೇ ಚಲನೆಯ ಒಂದೇ ಸಿಲಿಂಡರಿಗೆ ತುಂಬಿದರೆ ಆ ವೇಗ 19 ಮೀಟರಿಗೆ ಏರುತ್ತದೆ. ಅಂದಿನ ಲೋಹ ಮತ್ತು ಎಣ್ಣೆಗಳಿಗೆ ಇದು ದುಬಾರಿ ಪರೀಕ್ಷೆ! ಪಿಸ್ಟನ್ ಹಗುರವಾದಷ್ಟೂ ಕ್ರ್ಯಾಂಕ್‌ನ ಮೇಲಿನ ಹೊಡೆತವೂ ಇಳಿಯುತ್ತದೆ. ಎರಡು ಪಿಸ್ಟನ್‌ಗಳು ಜೊತೆಯಾಗಿಯೇ ಮೇಲೆ ಕೆಳಗೆ ಚಲಿಸಿದರೂ ಸರದಿಯಂತೆ ಉರಿಯುವುದರಿಂದ ಪ್ರತಿ ಸುತ್ತಿಗೂ ಒಂದು ಸ್ಫೋಟ ದೊರೆಯುತ್ತಿತ್ತು. ಫಲಿತಾಂಶ 15 ಅಶ್ವಶಕ್ತಿ.

ಇದರ ಹಿಂದೆ ಒಂದು ಹಠವೂ ಇತ್ತು. ಬ್ರಿಟನ್ನಿನ ಐಲ್ ಆಫ್ ಮ್ಯಾನ್ ಟಿಟಿ ಸ್ಪರ್ಧೆಗೆ ಇಳಿಯುವುದಾಗಿ ಸೊಯಿಚಿರೊ ಹೋಂಡಾ 1954ರಲ್ಲೇ ಸಾರಿದ್ದರು. 1959ರ ಜೂನ್‌ನಲ್ಲಿ ಅವರ 125 ಸಿಸಿ ತಂಡ ಅಲ್ಲಿ ಮೊದಲ ಬಾರಿಗೆ ಓಡಿತು. ನವೋಮಿ ತಾನಿಗುಚಿ ಆರನೆಯವರಾದರು. ತಂಡ ಪ್ರಶಸ್ತಿಯೂ ದಕ್ಕಿತು. ಅದೇ ಆಗಸ್ಟ್‌ನಲ್ಲಿ ಜಪಾನಿನ ಅಸಾಮಾ ಜ್ವಾಲಾಮುಖಿಯ ಬುಡದ ಬೂದಿಮಣ್ಣಿನ ದಾರಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. 18 ವರ್ಷದ ಹವ್ಯಾಸಿ ಸವಾರ ಮೊಟೊ ಕಿತಾನೊ ಸಿಬಿ92 ಏರಿ, ಹೋಂಡಾ ಕಾರ್ಖಾನೆಯದೇ ರೇಸ್ ಬೈಕುಗಳನ್ನು ಹಿಂದಿಕ್ಕಿದರು. ಅಂಗಡಿಯಲ್ಲಿ ಸಿಗುವ ಬೈಕಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕೇ? 1961ರಲ್ಲಿ ಮೈಕ್ ಹೇಲ್‌ವುಡ್ ಹೋಂಡಾಕ್ಕೆ ಟಿಟಿಯ 125 ಮತ್ತು 250 ಸಿಸಿ ವಿಭಾಗಗಳೆರಡನ್ನೂ ಗೆದ್ದುಕೊಟ್ಟರು.

ಮುಂದೆ ಲೋಹವಿಜ್ಞಾನ ಸುಧಾರಿಸಿತು. ನಿತ್ಯ ಬಳಕೆಯ 125 ಸಿಸಿ ಬೈಕಿಗೆ ಒಂದೇ ಸಿಲಿಂಡರ್ ಸಾಕಾಯಿತು. ಅದು ಅಗ್ಗ, ಅದರಲ್ಲಿ ಘರ್ಷಣೆಯ ನಷ್ಟವೂ ಕಡಿಮೆ.

ಉಳಿದಿರುವ ಸಿಬಿ92ಗಳನ್ನು ಕಾಪಾಡುವುದು ಸುಲಭದ ಮಾತಲ್ಲ. ಎಂಜಿನ್ನನ್ನು ಹೇಗೋ ಕೂಡಿಸಬಹುದು. ಕಾಡುವುದು ಉಳಿದ ಭಾಗಗಳು. ತೂಕ ಇಳಿಸಲೆಂದು ಆರಂಭದ ಬೈಕುಗಳಿಗೆ ಅಲ್ಯುಮಿನಿಯಂ ಟ್ಯಾಂಕ್, ಮೆಗ್ನೀಷಿಯಂ ಬ್ರೇಕ್ ಹಬ್‌ಗಳನ್ನು ಜೋಡಿಸಲಾಗಿತ್ತು. ಮೆಗ್ನೀಷಿಯಂ ತೇವಕ್ಕೆ ಬೇಗ ಸವೆಯುವ ಲೋಹ. ಟ್ಯಾಂಕ್ ಕೂಡ ಬಳಿಕ ಉಕ್ಕಿನದಾಯಿತು. ಆದ್ದರಿಂದ ಆರಂಭದ ಬೈಕೆಂದು ಹೇಳಿ ಮಾರುವವರ ಮುಂದೆ ಕೊಳ್ಳುವವರು ಮೊದಲು ಜೇಬಿನಿಂದ ತೆಗೆಯಬೇಕಾದದ್ದು ಒಂದು ಪುಟ್ಟ ಅಯಸ್ಕಾಂತ. ಟ್ಯಾಂಕಿಗೆ ಅದು ಅಂಟಿಕೊಂಡರೆ ಬೆಲೆಯ ಮಾತನ್ನು ಹೊಸದಾಗಿ ಆರಂಭಿಸಬಹುದು.