‘ಥಗ್’: ನಮ್ಮ ಠಕ್ಕನ ನೆಂಟ ಹಡಗು ಹತ್ತಿದ ಕತೆ

ಇಂಗ್ಲಿಷ್ ಪತ್ರಿಕೆಗಳಲ್ಲಿ ಗಲಭೆ, ಹೊಡೆದಾಟಗಳ ವರದಿ ಬಂದಾಗ ‘ಥಗ್’ ಎಂಬ ಪದ ಆಗಾಗ ಕಣ್ಣಿಗೆ ಬೀಳುತ್ತದೆ. ಪುಂಡ, ಗೂಂಡಾ ಎಂಬುದು ಅದರ ಇಂದಿನ ಅರ್ಥ. ಆದರೆ ಈ ಪದ ಇಂಗ್ಲಿಷಿನ ಸ್ವಂತ ಸೊತ್ತಲ್ಲ. ನಮ್ಮ ದೇಶದಿಂದ ಹಡಗು ಹತ್ತಿ ಹೋದದ್ದು. ಮುಚ್ಚು, ಮರೆಮಾಡು ಎಂಬ ಅರ್ಥದ ಸಂಸ್ಕೃತದ ‘ಸ್ಥಗ್’ ಧಾತು ಹಿಂದಿಯ ‘ಠಗ್’ ಪದದ ಮೂಲ. ಕನ್ನಡದ ‘ಠಕ್ಕ’ ಅದರ ಹತ್ತಿರದ ನೆಂಟ. ನಮ್ಮ ಠಕ್ಕ ಮಾತಿನಲ್ಲಿ ಮರುಳು ಮಾಡಿ ಗಂಟು ಹೊಡೆಯುವವನೇ ಹೊರತು ಕೊಲೆಗಾರನಲ್ಲ. ಇಂಗ್ಲಿಷಿಗೆ ಹೋದವನಿಗೆ ಮಾತ್ರ ರಕ್ತದ ಕಲೆ ಅಂಟಿಕೊಂಡಿತು.

ಅದು ಅಂಟಿದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಆಗ ರೈಲು ಇರಲಿಲ್ಲ. ದೂರದ ಊರಿಗೆ ಹೊರಟವರು ದಾರಿಯಲ್ಲಿ ಜೊತೆ ಹುಡುಕುತ್ತಿದ್ದರು. ಆ ಜೊತೆಯೇ ಕೆಲವರಿಗೆ ಮೃತ್ಯುವಾಯಿತು. ವ್ಯಾಪಾರಿ, ಯಾತ್ರಿಕ, ಸಿಪಾಯಿಗಳ ವೇಷದಲ್ಲಿ ಬಂದ ಗುಂಪುಗಳು ದಿನಗಟ್ಟಲೆ ಒಟ್ಟಿಗೆ ನಡೆದು, ವಿಶ್ವಾಸ ಗಳಿಸಿ, ಸಮಯ ನೋಡಿ ಕೊರಳಿಗೆ ವಸ್ತ್ರ ಬಿಗಿಯುತ್ತಿದ್ದವು. ಪುಸಲಾಯಿಸುವವನೊಬ್ಬ, ಕೈಕಾಲು ಹಿಡಿಯುವವನೊಬ್ಬ, ಬಿಗಿಯುವವನೊಬ್ಬ, ಗುಂಡಿ ತೋಡುವವರು ಬೇರೆ. ‘ರಮಾಸಿ’ ಎಂಬ ಗುಪ್ತ ಭಾಷೆಯೂ ಇತ್ತು. ಇಂದು ನಾವು ಸಂಘಟಿತ ಅಪರಾಧ ಎನ್ನುವುದರ ಲಕ್ಷಣಗಳೆಲ್ಲ ಅಲ್ಲಿದ್ದವು.

ಈ ಕತೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು ನೂರು ಜನರನ್ನು ಹಿಡಿದಾಗಲೇ ಬ್ರಿಟಿಷರಿಗೆ ಇವರ ಸುಳಿವು ಸಿಕ್ಕಿತೆಂದು ಅಂದಿನ ಬರಹಗಳು ಹೇಳುತ್ತವೆ. ಮದ್ರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಬರೆದ ಲೇಖನದಲ್ಲಿ ಇವರನ್ನು ‘ಫಾಂಸಿಗಾರ್’ ಎಂದು ಕರೆದು, ಕನ್ನಡದಲ್ಲಿ ಇವರಿಗೆ ‘ತಂತಿಕಳ್ಳರು’ ಎಂಬ ಹೆಸರಿದೆ ಎಂದೂ ದಾಖಲಿಸಿದ. ಆ ಕನ್ನಡ ಹೆಸರು ಮರೆತುಹೋಯಿತು. ಉತ್ತರದ ಠಗ್ ಉಳಿಯಿತು.

ಉಳಿಸಿದವನು ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಮಾಫಿಸಾಕ್ಷಿಗಳನ್ನಾಗಿ ಮಾಡಿ, ಅವರ ಬಾಯಿಂದ ಇತರರ ಹೆಸರು ಹೊರಡಿಸಿದ. 1836ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿರ್ದಿಷ್ಟ ಕೊಲೆ ಸಾಬೀತಾಗಬೇಕಿಲ್ಲ. ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ‘ಇವನು ಮಾಡಿದ್ದೇನು?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಇವನು ಯಾರು?’ ಎಂಬ ಪ್ರಶ್ನೆ ಬಂದು ಕುಳಿತಿತು. ಇದೇ ಧೋರಣೆ ಬೆಳೆದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಯಿತು. ಹುಟ್ಟಿದ ಮಗುವಿಗೂ ಹಣೆಪಟ್ಟಿ ಕಟ್ಟಿದ ಆ ವ್ಯವಸ್ಥೆ ಕೊನೆಗೊಂಡದ್ದು 1952ರಲ್ಲಿ.

ಪದವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದ್ದು ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ. ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರ್ ಸಾಹೇಬ ಇವನೇ. ಅದೇ ವರ್ಷ ಥಾಮಸ್ ಕಾರ್ಲೈಲ್, ಗ್ಲಾಸ್ಗೋದ ಕಾರ್ಮಿಕ ಸಂಘಟನೆಯ ಹಿಂಸೆಯ ಬಗ್ಗೆ ಬರೆಯುತ್ತಾ ಅಲ್ಲಿನವರನ್ನೂ ಥಗ್ಗರೆಂದ. ಪದ ಇಳಿದ ಕೂಡಲೇ ಅಲ್ಲಿಯ ಬಡವರ ಹೆಗಲೇರಿತು. ಅಮೆರಿಕದಲ್ಲಿ ಅದು ಕರಿಯರ ಬೆನ್ನು ಹತ್ತಿತು. 2014ರಲ್ಲಿ ಅಲ್ಲಿಯ ಕರಿಯ ಫುಟ್‌ಬಾಲ್ ಆಟಗಾರ ರಿಚರ್ಡ್ ಶೆರ್ಮನ್, ಹಳೆಯ ಜನಾಂಗೀಯ ಬೈಗುಳದ ಬದಲಿಗೆ ಈಗ ಈ ಪದವನ್ನು ಬಳಸಲಾಗುತ್ತಿದೆ ಎಂದು ಆಕ್ಷೇಪಿಸಿದ. 2015ರ ಬಾಲ್ಟಿಮೋರ್ ಗಲಭೆಯ ವೇಳೆ ಅಧ್ಯಕ್ಷ ಒಬಾಮಾ ಈ ಪದ ಬಳಸಿದ್ದೂ ಚರ್ಚೆಗೆ ಕಾರಣವಾಯಿತು.

ಹಾಗಾದರೆ ಠಗ್ಗರು ಬರೀ ಕಟ್ಟುಕತೆಯೇ? ಅಲ್ಲ. ಮಾಫಿಸಾಕ್ಷಿಗಳು ತೋರಿದ ಜಾಗ ಅಗೆದಾಗ ಹೆಣಗಳು ಸಿಕ್ಕಿದ್ದುಂಟು. ಆದರೆ ದೇಶವ್ಯಾಪಿ ಗುಪ್ತ ಪಂಥ, ಕಾಳಿಗಾಗಿ ನಡೆದ ನರಬಲಿ ಎಂಬ ಚಿತ್ರಣ ಬಹುಪಾಲು ಉತ್ಪ್ರೇಕ್ಷೆಯೆಂದು ಇಂದಿನ ಅನೇಕ ಇತಿಹಾಸಕಾರರ ಅಭಿಪ್ರಾಯ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು. ಕೂಡಿಸಿದ್ದು ಹೆಚ್ಚಾಗಿ ಹೊಟ್ಟೆಪಾಡು, ದುರಾಸೆ.

1860ರ ದಂಡಸಂಹಿತೆಯ 310ನೆಯ ಕಲಮಿನಲ್ಲಿ ಕುಳಿತಿದ್ದ ಠಗ್, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಅಲ್ಲಿ 111ನೆಯ ಕಲಮು ಸಂಘಟಿತ ಅಪರಾಧದ ಮಾತನಾಡುತ್ತದೆ. ಕಾನೂನಿನಿಂದ ಪದ ಹೋಗಿದೆ; ಮಾಡಿದ್ದನ್ನು ವಿಚಾರಿಸುವ ಮೊದಲೇ ಹೆಸರಿಟ್ಟು ತೀರ್ಪು ಕೊಡುವ ಚಾಳಿ ನಾಲಗೆಯಿಂದ ಹೋಗಿದೆಯೇ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.