ತೆರಿಗೆಯುಂಟು, ಮತವಿಲ್ಲ

ಊರಿನ ಆಡಳಿತವೇ ಪ್ರಜಾಪ್ರಭುತ್ವದ ಮೊದಲನೆಯ ಪಾಠಶಾಲೆ ಎಂದು ರಾಜ್ಯಶಾಸ್ತ್ರವನ್ನು ಬಲ್ಲವರು ಹೇಳುವುದುಂಟು. ಮಲೇಷಿಯಾದ ಪ್ರಜೆ ಈ ಪಾಠಶಾಲೆಯ ಮೆಟ್ಟಿಲನ್ನು ಹತ್ತದೆಯೇ ನೇರವಾಗಿ ಮೇಲಿನ ತರಗತಿಗೆ ಹೋಗಿ ಕುಳಿತವನು. ದೇಶದ ಸರ್ಕಾರವನ್ನು ಬದಲಾಯಿಸುವ ಅಧಿಕಾರ ಅವನಿಗಿದೆ. ತನ್ನ ಮನೆಯ ಮುಂದಿನ ಚರಂಡಿಯ ಹೊಣೆ ಹೊತ್ತ ಪೌರಸಭಾ ಸದಸ್ಯನನ್ನು ಬದಲಾಯಿಸುವ ಅಧಿಕಾರ ಮಾತ್ರ ಇಲ್ಲ.

ಆ ದೇಶದಲ್ಲಿ ಚುನಾವಣೆಗಳಿಗೇನೂ ಬರಗಾಲವಿಲ್ಲ. ಪಾರ್ಲಿಮೆಂಟಿನ 222 ಸ್ಥಾನಗಳಿಗೂ ಹದಿಮೂರು ರಾಜ್ಯಗಳ ವಿಧಾನಸಭೆಗಳಿಗೂ ಜನರು ಮತ ನೀಡುತ್ತಾರೆ. ಚುನಾವಣೆ ಬಂತೆಂದರೆ ಬೀದಿಬೀದಿಗಳಲ್ಲಿ ಪಕ್ಷಗಳ ಬಾವುಟಗಳು ತೋರಣ ಕಟ್ಟಿದಂತೆ ಹಾರಾಡುತ್ತವೆ. ಸ್ವಾತಂತ್ರ್ಯ ಬಂದಂದಿನಿಂದ ಆಳುತ್ತಿದ್ದ ಪಕ್ಷಕೂಟವನ್ನು 2018ರಲ್ಲಿ ಈ ಮತದಾರರೇ ಕೆಳಗಿಳಿಸಿದರು. 2021ರ ಡಿಸೆಂಬರಿನಿಂದ ಹದಿನೆಂಟು ತುಂಬಿದ ತರುಣ ತರುಣಿಯರಿಗೂ ಮತಾಧಿಕಾರ ದೊರೆತಿದೆ. ಆದರೆ ಈ ಮತಗಳಲ್ಲಿ ಒಂದಾದರೂ ಪೌರಸಭೆಯ ಬಾಗಿಲನ್ನು ತಲುಪುವುದಿಲ್ಲ. 1965ರ ಮಾರ್ಚಿ ತಿಂಗಳಿನಲ್ಲಿ ನಿಲ್ಲಿಸಲಾದ ಪೌರಸಭಾ ಚುನಾವಣೆಗಳು ಆ ಮೇಲೆ ನಡೆದೇ ಇಲ್ಲ. ಅಂದು ಮತದಾನದ ವಯಸ್ಸು ಇಪ್ಪತ್ತೊಂದು. ಎಂದರೆ, 1944ರ ಅನಂತರ ಹುಟ್ಟಿದ ಯಾವ ಮಲೇಷಿಯನ್ ಪ್ರಜೆಯೂ, ಅಜ್ಜ ಅಜ್ಜಿಯರಾದವರೂ ಸೇರಿ, ಅಲ್ಲಿ ತನ್ನ ಪೌರಸಭೆಗಾಗಿ ಮತ ಹಾಕಿದವನಲ್ಲ!

ಬಾಗಿಲ ತೆರಿಗೆ

ಮತ ಕೇಳದ ಪೌರಸಭೆ ತೆರಿಗೆ ಕೇಳುವುದನ್ನು ಮರೆಯುವುದಿಲ್ಲ. ವರ್ಷಕ್ಕೆರಡು ಬಾರಿ ಮನೆ ಮನೆಗೂ ಬರುವ ಈ ತೆರಿಗೆಗೆ ಜನರು ಮಲಯ ಭಾಷೆಯಲ್ಲಿ ‘ಚುಕಾಯ್ ಪಿಂತು’ ಎನ್ನುತ್ತಾರೆ. ಹಾಗೆಂದರೆ ಬಾಗಿಲ ತೆರಿಗೆ. ಮನೆಗೆ ಎಷ್ಟು ಬಾಡಿಗೆ ಬರಬಹುದೆಂಬ ಅಂದಾಜಿನ ಮೇಲೆ ಸಾಮಾನ್ಯವಾಗಿ ಇದನ್ನು ಲೆಕ್ಕ ಹಾಕುತ್ತಾರೆ.

ಈ ಹಣದಿಂದ ನಡೆಯುವ ಆಡಳಿತ ಸಣ್ಣದೇನೂ ಅಲ್ಲ. ಚರಂಡಿ, ಬೀದಿದೀಪ, ಮಾರುಕಟ್ಟೆ, ಉದ್ಯಾನ, ವಾಹನ ನಿಲ್ಲಿಸುವ ಸ್ಥಳ, ಹೊಸ ಕಟ್ಟಡಗಳಿಗೆ ಒಪ್ಪಿಗೆ ಎಲ್ಲವೂ ಪೌರಸಭೆಯ ಕೈಯಲ್ಲಿವೆ. ಬೆಳಗಿನ ಜಾವದಲ್ಲಿ ತೆಂಗಿನ ಹಾಲಿನ ಅನ್ನವನ್ನು ಬಾಳೆಯ ಎಲೆಯಲ್ಲಿ ಕಟ್ಟಿ ಮಾರುವ ಮಲಯ ಹೆಂಗಸಿಗೂ, ಕಾದ ಕಾವಲಿಯ ಮೇಲೆ ರೊಟ್ಟಿ ಹಾಕುವ ತಮಿಳು ಮುಸ್ಲಿಮನಿಗೂ, ಸಂಜೆ ಗಾಡಿ ನಿಲ್ಲಿಸಿಕೊಂಡು ಶಾವಿಗೆ ಹುರಿಯುವ ಚೀನೀ ಮುದುಕನಿಗೂ ಪರವಾನಗಿ ಕೊಡುವುದು ಪೌರಸಭೆ. ಅಂಗಡಿಯನ್ನು ಎತ್ತಿಸುವುದೂ ಅದೇ. ಪ್ರಧಾನಿ ಯಾರಾದರೂ ಇವರ ದಿನದ ಗಳಿಕೆ ಕೂಡಲೇ ಹೆಚ್ಚುಕಡಿಮೆಯಾಗುವುದಿಲ್ಲ. ಪೌರಸಭೆಯ ಒಂದು ಅಪ್ಪಣೆಯಿಂದ ಆಗುತ್ತದೆ.

ಈ ಸಭೆಗಳಲ್ಲಿ ಕುಳಿತುಕೊಳ್ಳುವವರು ಯಾರು? 1976ರ ಸ್ಥಳೀಯ ಆಡಳಿತ ಶಾಸನದಂತೆ ಪ್ರತಿಯೊಂದು ಸಭೆಗೂ ಅಧ್ಯಕ್ಷರಲ್ಲದೆ ಎಂಟರಿಂದ ಇಪ್ಪತ್ತನಾಲ್ಕು ಮಂದಿ ಸದಸ್ಯರು. ಅವರನ್ನು ನಾಮಕರಣ ಮಾಡುವುದು ರಾಜ್ಯ ಸರ್ಕಾರ. ಸ್ಥಳೀಯ ಆಡಳಿತದಲ್ಲಿ ಅನುಭವವುಳ್ಳವರು, ವೃತ್ತಿ ವ್ಯಾಪಾರಗಳಲ್ಲಿ ಹೆಸರು ಪಡೆದವರು, ತಮ್ಮ ಜನರ ಹಿತವನ್ನು ಪ್ರತಿನಿಧಿಸಬಲ್ಲವರು ಸದಸ್ಯರಾಗಬೇಕೆಂದು ಶಾಸನ ಹೇಳುತ್ತದೆ. ರೂಢಿಯಲ್ಲಿ ನಡೆದು ಬಂದಿರುವುದು ಬೇರೆ. ಆಳುವ ಕೂಟದ ಪಕ್ಷಗಳು ಸ್ಥಾನಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ತಮ್ಮ ಕಾರ್ಯಕರ್ತರಿಗೆ ಕೊಡುತ್ತವೆ. ಅವರಲ್ಲಿ ನಿಷ್ಠೆಯಿಂದ ದುಡಿಯುವವರೂ ಇದ್ದಾರೆ. ಆದರೆ ತನ್ನನ್ನು ಕೂರಿಸಿದವರು ಬೀದಿಯ ಜನರಲ್ಲ, ಪಕ್ಷದ ಮುಖಂಡರು ಎಂಬುದನ್ನು ಯಾವ ಸದಸ್ಯನೂ ಮರೆಯುವಂತಿಲ್ಲ.

ರಾಜಧಾನಿಯ ನಿವಾಸಿಯ ಸ್ಥಿತಿ ಇನ್ನೂ ವಿಚಿತ್ರ. 1974ರಲ್ಲಿ ಕ್ವಾಲಾಲಂಪುರವನ್ನು ಸೆಲಂಗೋರ್ ರಾಜ್ಯದಿಂದ ಬೇರ್ಪಡಿಸಿ ಕೇಂದ್ರಾಡಳಿತಕ್ಕೆ ಒಪ್ಪಿಸಿದರು. ಆದುದರಿಂದ ಅಲ್ಲಿ ವಿಧಾನಸಭೆಯೂ ಇಲ್ಲ. ನಗರದ ಮಹಾಪೌರರನ್ನು ನೇಮಿಸುವುದು ಮೇಲಿನವರೇ. ದೇಶದ ಅತಿ ದೊಡ್ಡ ನಗರದ ಪೌರನಿಗೆ ಇರುವುದು ಒಂದೇ ಮತ, ಅದು ಪಾರ್ಲಿಮೆಂಟಿಗೆ.

ಯಾರ ಚರಂಡಿ?

ಹೀಗಿರುವಾಗ ಚರಂಡಿ ಕಟ್ಟಿಕೊಂಡರೆ ಜನರು ಎಲ್ಲಿಗೆ ಹೋಗಬೇಕು? ಅವರು ಹೋಗುವುದು ತಾವು ಆರಿಸಿದವರ ಬಳಿಗೆ. ಪಾರ್ಲಿಮೆಂಟಿನ ಮತ್ತು ವಿಧಾನಸಭೆಯ ಸದಸ್ಯರನ್ನು ಅಲ್ಲಿ ‘ಯಾಂಗ್ ಬರ್‌ಹೊರ್ಮತ್’, ಎಂದರೆ ‘ಮಾನ್ಯರು’ ಎಂದು ಕರೆಯುತ್ತಾರೆ. ಬಾಯಿಮಾತಿನಲ್ಲಿ ಅದು ‘ವೈ.ಬಿ.’ ಆಗಿದೆ. ದೇಶದ ಆಯವ್ಯಯವನ್ನೂ ಕಾನೂನುಗಳನ್ನೂ ಕುರಿತು ಚರ್ಚಿಸಬೇಕಾದ ಈ ಮಾನ್ಯರು ತಮ್ಮ ವೇಳೆಯ ಬಹುಭಾಗವನ್ನು ಒಡೆದ ಕಾಲುದಾರಿ, ಉರಿಯದ ದೀಪ, ತೆಗೆಯದ ಕಸ ಇವುಗಳ ದೂರುಗಳಿಗೆ ಕಿವಿಗೊಡುವುದರಲ್ಲಿ ಕಳೆಯಬೇಕಾಗುತ್ತದೆ. ಪೌರಸಭೆಯ ಮೇಲೆ ಅವರಿಗೆ ನೇರ ಅಧಿಕಾರವಿಲ್ಲ. ಆದರೂ ಮುಂದಿನ ಚುನಾವಣೆಯಲ್ಲಿ ಜನರು ಸಿಟ್ಟು ತೀರಿಸಿಕೊಳ್ಳುವುದು ಅವರ ಮೇಲೆಯೇ.

ಹೊಣೆಗಾರನನ್ನು ಹುಡುಕುವುದೂ ಸುಲಭವಲ್ಲ. ಒಂದು ರಸ್ತೆ ಕೇಂದ್ರದ್ದು, ಅದಕ್ಕೆ ಕೂಡುವ ಇನ್ನೊಂದು ರಾಜ್ಯದ್ದು, ಒಳಗಿನ ಬೀದಿ ಪೌರಸಭೆಯದು. ಸೆಲಂಗೋರ್ ಮತ್ತು ಪೆನಾಂಗ್ ರಾಜ್ಯಗಳಲ್ಲಿ ಕಸ ತೆಗೆಯಿಸುವ ಹೊಣೆ ಸ್ಥಳೀಯ ಆಡಳಿತಕ್ಕೆ ಸೇರಿದ್ದರೆ, 2007ರ ಶಾಸನವನ್ನು ಒಪ್ಪಿದ ರಾಜ್ಯಗಳಲ್ಲಿ ಅದು ಕೇಂದ್ರದ ನಿಗಮಕ್ಕೆ ಸೇರಿದೆ. ಮನೆಯ ಮುಂದೆ ನಾರುವ ಕಸದ ಬುಟ್ಟಿಗೆ ಈ ಭೇದ ತಿಳಿಯದು.

ಹಳ್ಳಿಗಳ ಕಥೆ ಇನ್ನೂ ಸ್ವಾರಸ್ಯವಾದುದು. ಮಲಯ ಹಳ್ಳಿಯ ಮುಖ್ಯಸ್ಥನೂ ಅವನ ಅಭಿವೃದ್ಧಿ ಸಮಿತಿಯೂ ಸರ್ಕಾರ ನೇಮಿಸಿದವರೇ. 2008ರ ಚುನಾವಣೆಯಲ್ಲಿ ಪೆನಾಂಗ್, ಸೆಲಂಗೋರ್ ಮೊದಲಾದ ರಾಜ್ಯಗಳು ವಿರೋಧ ಪಕ್ಷಗಳ ವಶವಾದವು. ಹೊಸ ರಾಜ್ಯ ಸರ್ಕಾರಗಳು ತಮ್ಮವರ ಸಮಿತಿಗಳನ್ನು ನೇಮಿಸಿದವು. ಕೇಂದ್ರ ಸರ್ಕಾರ ಸುಮ್ಮನಿರದೆ ಅದೇ ಹಳ್ಳಿಗಳಲ್ಲಿ ತನ್ನ ಕಡೆಯ ಸಮಿತಿಗಳನ್ನು ಬೇರೆಯಾಗಿ ಇರಿಸಿತು. ಒಂದೇ ಹಳ್ಳಿಗೆ ಎರಡು ಸಮಿತಿಗಳಾದವು. ಸೇತುವೆ ಬೇಕಾದವನು ಯಾರನ್ನು ಕೇಳಬೇಕೆಂದು ಮೊದಲು ಯೋಚಿಸಬೇಕಾಯಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ!

ಮತವಿದ್ದ ಕಾಲ

ಮಲೇಷಿಯಾಕ್ಕೆ ಪೌರಚುನಾವಣೆ ಹೊಸದಲ್ಲ. ಪೆನಾಂಗ್ ದ್ವೀಪದ ಜಾರ್ಜ್‌ಟೌನಿನಲ್ಲಿ ತೆರಿಗೆದಾರರು 1857ರಷ್ಟು ಹಿಂದೆಯೇ ತಮ್ಮ ಪೌರ ಕಮಿಷನರುಗಳನ್ನು ಆರಿಸಿದ್ದರು. 1913ರಲ್ಲಿ ಬ್ರಿಟಿಷರು ಆ ಹಕ್ಕನ್ನು ಹಿಂತೆಗೆದುಕೊಂಡರು. 1951ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಚುನಾವಣೆ ಮತ್ತೆ ಆರಂಭವಾಯಿತು. ಮಲಯ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಆರು ವರ್ಷಗಳಿದ್ದವು. ಕಮ್ಯುನಿಸ್ಟ್ ದಂಗೆಯ ಕಾಲದಲ್ಲಿ ಕಾಡಂಚಿನಿಂದ ಎಬ್ಬಿಸಿ ತಂದ ಚೀನೀ ಸಂಸಾರಗಳಿಗಾಗಿ ಕಟ್ಟಿದ ‘ಹೊಸ ಹಳ್ಳಿ’ಗಳಲ್ಲಿಯೂ 1952ರ ಶಾಸನದ ಬಲದಿಂದ ಚುನಾಯಿತ ಸಭೆಗಳು ಹುಟ್ಟಿದವು. ಮುಳ್ಳುತಂತಿಯೊಳಗೆ ಬಾಳುತ್ತಿದ್ದ ಜನರು ಅಲ್ಲಿ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಂಡರು.

ದೇಶದ ರಾಜಕೀಯ ಚರಿತ್ರೆಯೇ ಒಂದು ಪೌರಚುನಾವಣೆಯಿಂದ ತಿರುಗಿತೆಂದರೆ ತಪ್ಪಿಲ್ಲ. 1952ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದ ಹನ್ನೆರಡು ಸ್ಥಾನಗಳಿಗೆ ಚುನಾವಣೆ ನಡೆದಾಗ ಮಲಯರ ಪಕ್ಷದ ಸ್ಥಳೀಯ ಶಾಖೆಯೂ ಚೀನೀಯರ ಪಕ್ಷದ ಶಾಖೆಯೂ ಒಂದುಗೂಡಿ ಒಂಬತ್ತನ್ನು ಗೆದ್ದುವು. ಊರಿನ ಮಟ್ಟದಲ್ಲಿ ಆದ ಈ ಒಪ್ಪಂದವೇ ಬೆಳೆದು, ಭಾರತೀಯರ ಪಕ್ಷವನ್ನೂ ಸೇರಿಸಿಕೊಂಡು, ದೇಶಕ್ಕೆ ಸ್ವಾತಂತ್ರ್ಯ ತಂದ ಮೈತ್ರಿಕೂಟವಾಯಿತು.

ಆದರೆ ಏಣಿಯಾಗಿ ಒದಗಿದ ಪೌರಸಭೆಗಳೇ ಮುಂದೆ ಮೈತ್ರಿಕೂಟಕ್ಕೆ ಮುಳ್ಳಾದವು. ಪಟ್ಟಣಗಳು ವಿರೋಧ ಪಕ್ಷಗಳ ಕೋಟೆಗಳಾದವು. ಜಾರ್ಜ್‌ಟೌನ್ 1957ರ ಜನವರಿ 1ರಂದು ಮಹಾನಗರದ ಪದವಿ ಪಡೆಯಿತು. ಕಾರ್ಮಿಕ ಪಕ್ಷದ ಡಿ. ಎಸ್. ರಾಮನಾಥನ್ ಅದರ ಮಹಾಪೌರರಾದರು. ಇಪೋ ಪಟ್ಟಣದಲ್ಲಿ ಸೀನಿವಾಸಗಂ ಸೋದರರ ಪಕ್ಷದ ಪ್ರಾಬಲ್ಯವಿತ್ತು.

1963ರಲ್ಲಿ ಮಲೇಷಿಯಾ ರಚನೆಯಾದುದನ್ನು ಇಂಡೊನೇಷಿಯಾ ಒಪ್ಪದೆ ಸಶಸ್ತ್ರ ಘರ್ಷಣೆಗಿಳಿಯಿತು. ಈ ಕಾರಣವನ್ನು ಮುಂದಿಟ್ಟುಕೊಂಡು ಪ್ರಧಾನಿ ತುಂಕು ಅಬ್ದುಲ್ ರಹಮಾನರು 1965ರ ಮಾರ್ಚಿಯಲ್ಲಿ ಪೌರಚುನಾವಣೆಗಳನ್ನು ಅಮಾನತಿನಲ್ಲಿರಿಸಿದರು. ಶಾಂತಿ ನೆಲೆಸಿದೊಡನೆ ಮತ್ತೆ ನಡೆಸುವುದಾಗಿ ಮಾತು ಕೊಟ್ಟರು. 1966ರ ಆಗಸ್ಟಿನಲ್ಲಿ ಎರಡು ದೇಶಗಳಿಗೂ ಶಾಂತಿಯ ಒಪ್ಪಂದವಾಯಿತು. ಚುನಾವಣೆ ಬರಲಿಲ್ಲ.

ಈ ನಡುವೆ, ಕೆಲವು ಪೌರಸಭೆಗಳಲ್ಲಿ ಅವ್ಯವಹಾರ ನಡೆದಿದೆಯೆಂಬ ಆರೋಪಗಳು ಕೇಳಿಬಂದಿದ್ದುದರಿಂದ, ಸೆನೆಟರ್ ಅತಿ ನಾಹಪ್ಪನ್ ಅವರ ಅಧ್ಯಕ್ಷತೆಯಲ್ಲಿ ಒಂದು ರಾಯಲ್ ಆಯೋಗ ನೇಮಕವಾಗಿತ್ತು. ನೇತಾಜಿಯವರ ಆಜಾದ್ ಹಿಂದ್ ಫೌಜಿನ ಝಾನ್ಸಿರಾಣಿ ದಳದಲ್ಲಿ ಅಧಿಕಾರಿಣಿಯಾಗಿದ್ದ ಜಾನಕಿಯವರ ಪತಿ ಇವರು. ಆಯೋಗ ಹಲವಾರು ದೋಷಗಳನ್ನು ಎತ್ತಿ ತೋರಿಸಿತು. ಆದರೂ ಚುನಾಯಿತ ಪೌರಸಭೆಯೇ ಮೇಲೆಂದು ನಿರ್ಧರಿಸಿ, ಚುನಾವಣೆಗಳನ್ನು ಮರಳಿ ತರಬೇಕೆಂದು 1968ರ ಕೊನೆಯಲ್ಲಿ ವರದಿ ಒಪ್ಪಿಸಿತು. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ. 1969ರ ಮೇ 13ರಂದು ಕ್ವಾಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ನಡುವೆ ಭೀಕರ ಗಲಭೆ ಎದ್ದು, ದೇಶದ ಮನಸ್ಸೇ ಬೇರೆಯಾಯಿತು. ಸರ್ಕಾರ ಶಿಫಾರಸನ್ನು ತಳ್ಳಿಹಾಕಿತು. 1976ರ ಶಾಸನ ಪೌರಚುನಾವಣೆಗೆ ಸಂಬಂಧಿಸಿದ ಎಲ್ಲ ವಿಧಿಗಳನ್ನೂ ನಿಷ್ಫಲಗೊಳಿಸಿತು.

ಭಯವೂ ಬಯಕೆಯೂ

ಈ ಹಕ್ಕು ಮರಳಿ ಬರಬೇಕೆಂದು ಎಲ್ಲರೂ ಒಂದೇ ಧ್ವನಿಯಲ್ಲಿ ಕೇಳುತ್ತಿದ್ದಾರೆಯೇ ಎಂದರೆ, ಇಲ್ಲ. ಪೆನಾಂಗ್ ರಾಜ್ಯ 2012ರಲ್ಲಿ ತನ್ನದೇ ಆದ ಪೌರಚುನಾವಣಾ ಶಾಸನವನ್ನು ಮಾಡಿತು. ಆ ಅಧಿಕಾರ ರಾಜ್ಯಕ್ಕಿಲ್ಲವೆಂದು 2014ರಲ್ಲಿ ದೇಶದ ಉಚ್ಚತಮ ನ್ಯಾಯಾಲಯ ತೀರ್ಪಿತ್ತಿತು. 2018ರಲ್ಲಿ ಹೊಸ ಸರ್ಕಾರ ಬಂದಾಗ ಮೂರು ವರ್ಷಗಳೊಳಗೆ ಚುನಾವಣೆ ತರುವ ಮಾತನ್ನು ಸಂಬಂಧಪಟ್ಟ ಸಚಿವರು ಆಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿ ಮಹಾತಿರ್ ಮೊಹಮದರು, ಇದರಿಂದ ಜನಾಂಗಗಳ ನಡುವೆ ಘರ್ಷಣೆ ಬೆಳೆದೀತೆಂದು ಹೇಳಿ ಅದನ್ನು ನಿರಾಕರಿಸಿದರು.

ಈ ಭಯವನ್ನು ಹುಸಿಯೆಂದು ನಕ್ಕು ಬಿಡುವುದು ಸಲ್ಲದು. ಪಟ್ಟಣಗಳಲ್ಲಿ ಚೀನೀಯರ ಸಂಖ್ಯೆಯೂ ಸಂಪತ್ತೂ ಅಧಿಕವಾಗಿದ್ದ ಕಾಲವನ್ನು ಕಂಡ ಮಲಯ ಹಿರಿಯನಿಗೆ, ಮತವೆಂದರೆ ತನ್ನವರು ಪಟ್ಟಣದಿಂದ ಹೊರಗುಳಿಯುವ ದಾರಿಯೆಂದು ತೋರಬಹುದು. ಆದರೆ 1971ರ ಹೊಸ ಆರ್ಥಿಕ ನೀತಿಯ ಅನಂತರ ಲಕ್ಷಗಟ್ಟಲೆ ಮಲಯರು ಪಟ್ಟಣಗಳಿಗೆ ಬಂದು ನೆಲೆಸಿದ್ದಾರೆ. ಅವರೂ ಬಾಗಿಲ ತೆರಿಗೆ ಕೊಡುತ್ತಾರೆ. ಅವರ ಬೀದಿಗೂ ಮಳೆಗಾಲದಲ್ಲಿ ನೀರು ನುಗ್ಗುತ್ತದೆ. ಚೀನೀ ವ್ಯಾಪಾರಿಯ ಅಳುಕು ಇನ್ನೊಂದು ಬಗೆಯದು. ಚುನಾವಣೆ ಬಂದರೆ ಮತ್ತೊಂದು ಹಂತದ ಪಕ್ಷಜಗಳವೂ ಖರ್ಚೂ ಬಂದಂತೆ ಎಂದು ಅವನು ಲೆಕ್ಕ ಹಾಕಿಯಾನು. ರಬ್ಬರು ತೋಟಗಳಿಂದ ಹೊರಬಿದ್ದ ತಮಿಳು ಕೂಲಿಯ ಮಗನಾದರೋ, ತನ್ನವರು ಯಾವ ವಾರ್ಡಿನಲ್ಲಿಯೂ ಬಹುಸಂಖ್ಯಾತರಲ್ಲ, ಮತದಿಂದ ತನಗೇನು ಬಂದೀತು ಎಂದು ಕೇಳಿಯಾನು.

ಉದ್ಯಾನವೋ, ಮನೆಯೋ?

ಈ ಕೊನೆಯ ಪ್ರಶ್ನೆಗೆ ಕ್ವಾಲಾಲಂಪುರದ ಒಂದು ಮೊಕದ್ದಮೆ ಬೆಳಕು ಬೀರುತ್ತದೆ. ತಮಾನ್ ತುನ್ ಡಾಕ್ಟರ್ ಇಸ್ಮಾಯಿಲ್ ಬಡಾವಣೆಯ ಪಕ್ಕದಲ್ಲಿ ರಿಂಬಾ ಕಿಯಾರಾ ಎಂಬ ಹಸುರು ಉದ್ಯಾನವಿದೆ. 2017ರಲ್ಲಿ ನಗರಾಡಳಿತ ಅದರ ಒಂದು ಭಾಗದಲ್ಲಿ ಬಹು ಅಂತಸ್ತಿನ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟಿತು. ಬಡಾವಣೆಯ ಸಾಧಾರಣ ಗೃಹಸ್ಥರು ತಮ್ಮ ಪ್ರತಿನಿಧಿಯೆಂದು ಹೇಳಿಕೊಳ್ಳಲು ಒಬ್ಬ ಪೌರಸಭಾ ಸದಸ್ಯನೂ ಇಲ್ಲದೆ, ಚಂದಾ ಎತ್ತಿ ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲು ಸೋತರು, 2021ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು, 2023ರ ಏಪ್ರಿಲಿನಲ್ಲಿ ಉಚ್ಚತಮ ನ್ಯಾಯಾಲಯ ಆ ಗೆಲುವನ್ನು ಎತ್ತಿಹಿಡಿಯಿತು. ನಗರದ ಯೋಜನೆಯನ್ನು ಕಾರಣ ಹೇಳದೆ ಬದಿಗೊತ್ತುವಂತಿಲ್ಲವೆಂದು ಸಾರಿತು.

ಈ ಜಯದ ಮಗ್ಗುಲಲ್ಲಿಯೇ ಒಂದು ನೋವೂ ಇದೆ. ಹಿಂದೆ ಅಲ್ಲಿದ್ದ ರಬ್ಬರು ತೋಟದ ಕೂಲಿಗಳ ಸಂಸಾರಗಳು ತೋಟ ಸರ್ಕಾರದ ವಶವಾದ ಮೇಲೆ, 1980ರ ದಶಕದಿಂದ, ತಾತ್ಕಾಲಿಕವೆಂದು ಕಟ್ಟಿದ ಸಾಲುಮನೆಗಳಲ್ಲಿ ಬಾಳುತ್ತಾ ಬಂದಿದ್ದವು. ರದ್ದಾದ ಯೋಜನೆಯಲ್ಲಿ ಅವರಿಗೆ ಶಾಶ್ವತ ಮನೆಗಳ ಆಶ್ವಾಸನೆಯೂ ಸೇರಿತ್ತು. ಮರಗಳನ್ನು ಉಳಿಸಬೇಕೆಂದವರದು ನ್ಯಾಯ. ಮನೆ ಬೇಕೆಂದವರದೂ ನ್ಯಾಯ. ಎರಡನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ತೂಗಬೇಕಾದವರು, ಇಬ್ಬರಿಂದಲೂ ಮತ ಕೇಳಬೇಕಾದವರು, ಯಾರೂ ಇರಲಿಲ್ಲ. ನ್ಯಾಯಾಲಯ ಒಂದು ಅಪ್ಪಣೆಯನ್ನು ರದ್ದುಮಾಡಬಲ್ಲದು, ಮನೆ ಕಟ್ಟಿಕೊಡಲಾರದು. ನೂರು ಮನೆಗಳ ಮತಕ್ಕಾಗಿಯಾದರೂ ಒಬ್ಬ ಅಭ್ಯರ್ಥಿ ಆ ಸಾಲುಮನೆಗಳ ಬಾಗಿಲಿಗೆ ಬಂದು ನಿಲ್ಲಬೇಕಾಗಿದ್ದರೆ, ನಾಲ್ಕು ದಶಕಗಳ ಕಾಲ ಆ ಸಂಸಾರಗಳು ಕಾಯಬೇಕಾಗಿ ಬರುತ್ತಿತ್ತೇ?

2025ರಲ್ಲಿ ರಾಜಧಾನಿಯ ಮಹಾಪೌರರನ್ನು ಜನರೇ ಆರಿಸಬೇಕೇ ಎಂಬ ಚರ್ಚೆ ಮತ್ತೆ ತಲೆಯೆತ್ತಿತು. ಹಳೆಯ ಭಯಗಳೂ ಅದರೊಡನೆ ಎದ್ದುವು. ಪೌರಸಭೆಗಳ ಕಲಾಪಗಳು ಸಾರ್ವಜನಿಕರಿಗೆ ತೆರೆದಿರಬೇಕೆಂದು 1976ರ ಶಾಸನವೇ ಹೇಳುತ್ತದೆ. ಬಾಗಿಲ ತೆರಿಗೆ ಕೊಟ್ಟ ಪ್ರಜೆ ಆ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕೇಳಬಹುದು. ತನ್ನ ಹಣ ಹೇಗೆ ವೆಚ್ಚವಾಗುತ್ತದೆಂಬುದನ್ನು ನೋಡಬಹುದು. ಮೆಚ್ಚಿಗೆಯಾಗದಿದ್ದರೆ ಎದ್ದು ಮನೆಗೆ ಬರಬಹುದು. ಮುಂದೆ ಕುಳಿತವರನ್ನು ಮನೆಗೆ ಕಳುಹಿಸುವ ಹಕ್ಕು ಮಾತ್ರ ಅವನಿಗೆ ಇನ್ನೂ ಬರಬೇಕಾಗಿದೆ.