ಕುರುಬೂರಿನ ಅಂಗಳದಿಂದ ದೆಹಲಿಯ ಅಂಕಣಕ್ಕೆ

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮೈದಾನಗಳಿಗೆ ಹೊಸ ಕಳೆ ಬರುತ್ತದೆ. ಮಳೆಗೆ ಎದ್ದ ಹುಲ್ಲನ್ನು ಕೆತ್ತಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎರಡು ಕಂಬ ನೆಟ್ಟರೆ ಆಯಿತು, ಖೋ ಖೋ ಅಂಕಣ ಸಿದ್ಧ. ತೆರಕಣಾಂಬಿ, ಬೇಗೂರು, ಹಂಗಳದ ಮಕ್ಕಳು ಒಂದು ಕಡೆ. ಹರದನಹಳ್ಳಿ, ಚಂದಕವಾಡಿ, ಸಂತೇಮರಹಳ್ಳಿಯ ಮಕ್ಕಳು ಇನ್ನೊಂದು ಕಡೆ. ಬರಿಗಾಲಿನಲ್ಲಿ ಓಡುವವರೂ ಇರುತ್ತಾರೆ, ಅಕ್ಕನ ಬೂಟಿಗೆ ಬಟ್ಟೆ ತುರುಕಿಕೊಂಡು ಬಂದವರೂ ಇರುತ್ತಾರೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ಸೋತವರು ಸಂಜೆಯ ಬಸ್ಸಿಗೆ ಊರಿಗೆ.

ಈ ಮೆಟ್ಟಿಲುಗಳು ಎಲ್ಲಿಯವರೆಗೆ ಹೋಗುತ್ತವೆ? ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ಹೆಚ್ಚಿನ ಮಕ್ಕಳ ಪಯಣ ಎರಡನೆಯ ಅಥವಾ ಮೂರನೆಯ ಮೆಟ್ಟಿಲಲ್ಲೇ ಮುಗಿಯುತ್ತದೆ. ಆದರೆ ಮೆಟ್ಟಿಲು ಕಟ್ಟಕಡೆಯವರೆಗೂ ಇದೆ, ಹತ್ತಬಹುದು ಎಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಸಂತೇಮರಹಳ್ಳಿ ದಾಟಿ, ಮೂಗೂರಿನ ಮೇಲೆ ಹಾದು ಹೋದರೆ ಸಿಗುವ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲೇ ಅದು ಇದೆ. ಆ ಊರಿನ ಹೆಸರು ಕುರುಬೂರು.

ಒಂದೇ ಜಿಲ್ಲೆಯ ಮಕ್ಕಳು

ಪತ್ರಿಕೆ ಓದುವವರಿಗೆ ಕುರುಬೂರು ಎಂದೊಡನೆ ನೆನಪಾಗುತ್ತಿದ್ದುದು ಕಬ್ಬು ಬೆಳೆಗಾರರ ಮುಖಂಡ ಕುರುಬೂರು ಶಾಂತಕುಮಾರ್ ಅವರ ಹೆಸರು. ಕಬ್ಬು, ಭತ್ತ, ಕಾಲುವೆ ನೀರು, ಇವೇ ಆ ಸೀಮೆಯ ಮಾತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವ ತನಕ ಗುಂಡ್ಲುಪೇಟೆ, ಚಾಮರಾಜನಗರ, ತಿ. ನರಸೀಪುರ ಎಲ್ಲವೂ ಮೈಸೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಜಿಲ್ಲೆ ಬೇರೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ವಿಭಾಗ ಒಂದೇ. ಚಾಮರಾಜನಗರ ಜಿಲ್ಲೆಯಲ್ಲಿ ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋದಾಗ ಎದುರಿಗೆ ನಿಲ್ಲುವುದು ಮೈಸೂರು, ಮಂಡ್ಯ, ಹಾಸನ, ಕೊಡಗು ಮತ್ತು ಕರಾವಳಿಯ ತಂಡಗಳು. ಅಂದರೆ ಕುರುಬೂರಿನ ಹುಡುಗಿಯರು ಈ ಕಡೆಯ ಮಕ್ಕಳಿಗೆ ಅಪರಿಚಿತರಲ್ಲ; ಅದೇ ಮಣ್ಣು, ಅದೇ ಬಿಸಿಲು, ಅದೇ ಬಗೆಯ ಮನೆಗಳಿಂದ ಬಂದವರು.

2025ರ ಜನವರಿ 19ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್‌ನ ಫೈನಲ್ ನಡೆಯಿತು. ಮಹಿಳೆಯರ ವಿಭಾಗದಲ್ಲಿ 19 ದೇಶಗಳ ತಂಡಗಳಿದ್ದವು. ಪ್ರಿಯಾಂಕಾ ಇಂಗಳೆ ನಾಯಕಿಯಾಗಿದ್ದ ಭಾರತ ತಂಡ ನೇಪಾಳವನ್ನು 78-40ರಿಂದ ಸೋಲಿಸಿತು. ಆ ಫೈನಲ್ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಪಡೆದವರು ಬಿ. ಚೈತ್ರಾ, ಕುರುಬೂರಿನ ರೈತ ಕುಟುಂಬದ ಹುಡುಗಿ. ಊರಿನಲ್ಲಿ ಶಾಲೆಗೆ ಹೋಗುವಾಗಲೇ ಖೋ ಖೋ ಹಿಡಿದವರು. ಅವರಿಗಿಂತ ಮೊದಲೂ ಆ ಊರಿನ ಹುಡುಗಿಯರು ರಾಜ್ಯದ ಅಂಗಿ ತೊಟ್ಟು ರಾಷ್ಟ್ರಮಟ್ಟದಲ್ಲಿ ಆಡಿದ್ದರು. ವಿಶ್ವಕಪ್ ಗೆದ್ದ ದಿನ ಹೊರಗಿನವರಿಗೆ ಕುರುಬೂರು ಹೊಸದು. ಖೋ ಖೋ ಬಲ್ಲವರಿಗೆ ಹೊಸದಲ್ಲ.

ಇಷ್ಟು ಸಣ್ಣ ಊರಿನಿಂದ ಹೀಗೆ ಒಬ್ಬರ ಹಿಂದೆ ಒಬ್ಬರು ಬರುವುದು ಹೇಗೆ?

ಪ್ರತಿ ವರ್ಷ ಒಡೆಯುವ ತಂಡ

ಕಿರಿಯರ ತಂಡಕ್ಕೆ ಒಂದು ವಿಚಿತ್ರ ಕಷ್ಟವಿದೆ. ದೊಡ್ಡವರ ತಂಡದಲ್ಲಿ ಒಳ್ಳೆಯ ಆಟಗಾರ ಹತ್ತು ವರ್ಷ ಇರಬಹುದು. ಶಾಲೆಯ ತಂಡದಲ್ಲಿ ಹಾಗಿಲ್ಲ. ಶಾಲಾ ಕ್ರೀಡೆಯಲ್ಲಿ 14, 17, 19 ವರ್ಷದೊಳಗಿನವರು ಎಂಬ ವಯಸ್ಸಿನ ಬೇಲಿಗಳಿವೆ. ಹುಡುಗಿ ಚೆನ್ನಾಗಿ ಆಡಲು ಕಲಿಯುವ ಹೊತ್ತಿಗೆ ಹತ್ತನೇ ತರಗತಿ ಮುಗಿದಿರುತ್ತದೆ. ಜೂನ್ ಬಂದರೆ ಅರ್ಧ ತಂಡವೇ ಇಲ್ಲ. ಮತ್ತೆ ಎಂಟನೇ ತರಗತಿಯ ಹೊಸಬರಿಂದ ಶುರು.

ಹಾಗಾದರೆ ವರ್ಷ ವರ್ಷವೂ ಉಳಿಯುವುದು ಏನು? ಅಂಕಣ ಉಳಿಯುತ್ತದೆ. ಸಂಜೆಯ ಆ ಹೊತ್ತು ಉಳಿಯುತ್ತದೆ. ವರ್ಗವಾಗದೆ ಇದ್ದರೆ ಪಿ.ಟಿ. ಮೇಷ್ಟ್ರು ಉಳಿಯುತ್ತಾರೆ. ಇವುಗಳ ಜೊತೆಗೆ, ಶಾಲೆ ಬಿಟ್ಟ ಮೇಲೂ ರಜೆಗೆ ಬಂದಾಗ ಅಂಗಳಕ್ಕೆ ಇಳಿದು ಚಿಕ್ಕವರ ಜೊತೆ ಓಡುವ ಹಳೆಯ ವಿದ್ಯಾರ್ಥಿಗಳು ಉಳಿಯುತ್ತಾರೆ. ಏಳನೇ ತರಗತಿಯ ಹುಡುಗಿಗೆ ಕಂಬದ ಬಳಿ ತಿರುಗುವುದನ್ನು ಮೇಷ್ಟ್ರು ಬಾಯಲ್ಲಿ ಹೇಳಬಹುದು. ಕಣ್ಣಾರೆ ಕಲಿಯುವುದು ಮಾತ್ರ ಪಿಯುಸಿ ಓದುವ ಅಕ್ಕನನ್ನು ನೋಡಿ. ಒಂದು ಶಾಲೆಯ ತಂಡದ ಚರಿತ್ರೆ ಎಂದರೆ ಕಪ್ಪುಗಳ ಪಟ್ಟಿಯಲ್ಲ. ದೊಡ್ಡವರಿಂದ ಚಿಕ್ಕವರಿಗೆ ವಿದ್ಯೆ ಎಷ್ಟು ವರ್ಷ ಕಡಿಯದೆ ದಾಟಿತು ಎಂಬುದೇ ಅದರ ಚರಿತ್ರೆ.

ಖೋ ಖೋ ಆಟದ ಕ್ರಮವೂ ಹೀಗೆಯೇ ಇದೆ. ಸಾಂಪ್ರದಾಯಿಕ ನಿಯಮದಂತೆ 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ. ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವರು ಎದುರಾಳಿಯನ್ನು ಬೆನ್ನಟ್ಟುತ್ತಾರೆ. ಓಡಿ ತಪ್ಪಿಸಿಕೊಳ್ಳುವವರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಅವರು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಬೆನ್ನಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ದಾರಿ ಮುಗಿದಾಗ ಕೂತಿರುವ ಗೆಳತಿಯ ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಎನ್ನಬೇಕು. ಆಗ ಅವಳು ಏಳುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಎಷ್ಟೇ ವೇಗದ ಓಟಗಾರ್ತಿಯಾದರೂ ಒಬ್ಬಳೇ ಗೆಲ್ಲಲಾರಳು. ಸರಿಯಾದ ಗಳಿಗೆಯಲ್ಲಿ ಇನ್ನೊಬ್ಬಳಿಗೆ ಬಿಟ್ಟುಕೊಡುವುದೇ ಇಲ್ಲಿಯ ಜಾಣತನ.

ಈ ಆಟಕ್ಕೆ ಚೆಂಡು ಬೇಡ, ಬ್ಯಾಟು ಬೇಡ, ಬಲೆ ಬೇಡ. ಅದಕ್ಕೇ ಇದು ಬಡ ಶಾಲೆಗಳ ಆಟವಾಗಿ ಉಳಿಯಿತು. ಹಾಗೆಂದು ಚರಿತ್ರೆ ಸಣ್ಣದಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲಿ ಇದಕ್ಕೆ ನಿಯಮ ರೂಪಿಸಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ತಂಡವೊಂದು ಪ್ರದರ್ಶನ ನೀಡಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲೂ ಪ್ರದರ್ಶನವಾಯಿತು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. 2022ರಲ್ಲಿ ಪುರುಷರಿಗಾಗಿ ‘ಅಲ್ಟಿಮೇಟ್ ಖೋ ಖೋ’ ಲೀಗ್ ಶುರುವಾದ ಮೇಲೆ ಟಿ.ವಿ.ಗೂ ಬಂತು. ಮಣ್ಣಿನ ಆಟ ಮ್ಯಾಟಿನ ಮೇಲಕ್ಕೆ ಏರಿತು.

ಹಿಮದ ಊರಿನ ಪಾಠ

ಸಣ್ಣ ಊರಿನ ಕಿರಿಯರ ತಂಡ ಬಾಳುವುದು ಹೇಗೆ ಎಂಬುದಕ್ಕೆ ಕೆನಡಾ ದೇಶದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಆಟವೇ ಬೇರೆ, ಹವೆಯೇ ಬೇರೆ. ಆದರೂ ಕೇಳಬೇಕಾದ ಕಥೆ.

ಫ್ಲಿನ್ ಫ್ಲಾನ್ ಎಂಬುದು ಮ್ಯಾನಿಟೋಬಾ ಪ್ರಾಂತ್ಯದ ಅಂಚಿನಲ್ಲಿರುವ ಗಣಿ ಪಟ್ಟಣ. ತಾಮ್ರ, ಸತುವಿನ ಅದಿರು ತೆಗೆಯಲೆಂದೇ ಹುಟ್ಟಿದ ಊರು. ಅಲ್ಲಿ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದರೆ ಅದೇ ಮಕ್ಕಳ ಮೈದಾನ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಗೆ ಆ ಊರಿನಲ್ಲಿ 1927ರಲ್ಲೇ ‘ಬಾಂಬರ್ಸ್’ ಎಂಬ ತಂಡ ಕಟ್ಟಿದರು. ಮುಂದೆ ಅದು ಕಿರಿಯರ ತಂಡವಾಗಿ, 1957ರಲ್ಲಿ ಕೆನಡಾದ ಕಿರಿಯರ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದಿತು. ಅದೂ ರಾಜಧಾನಿ ಒಟ್ಟಾವಾದ ತಂಡವನ್ನು ಸೋಲಿಸಿ.

ಆ ಊರಿನ ಗಣಿ ಕಾರ್ಮಿಕನೊಬ್ಬನ ಮಗ ಬಾಬಿ ಕ್ಲಾರ್ಕ್. ಎಳೆಯ ವಯಸ್ಸಿಗೇ ಮಧುಮೇಹ ಅಂಟಿಕೊಂಡಿತ್ತು. 1969ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ಈ ಕಾರಣಕ್ಕೇ ಹಲವರು ಹಿಂಜರಿದರು. ಕ್ಲಾರ್ಕ್ ಸರದಿ ಬಂದದ್ದು 17ನೆಯವನಾಗಿ. ಆತನನ್ನು ಆರಿಸಿಕೊಂಡ ಫಿಲಡೆಲ್ಫಿಯಾ ತಂಡ ಅವನದೇ ನಾಯಕತ್ವದಲ್ಲಿ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು.

ಇದರಲ್ಲಿ ಪಾಲಕರು ಗಮನಿಸಬೇಕಾದ ಸಂಗತಿ ಬೇರೆ. ಫ್ಲಿನ್ ಫ್ಲಾನ್‌ನಲ್ಲಿ ಗಣಿ ಕಂಪನಿಯೇ ತಂಡದ ಹುಡುಗರಿಗೆ ಕೆಲಸ ಕೊಡುತ್ತಿತ್ತು. ಆಟವಾಡುವ ಮಗ ಮನೆಗೆ ಹೊರೆ ಎಂದು ಯಾವ ತಾಯಿತಂದೆಗೂ ಅನಿಸಬೇಕಿರಲಿಲ್ಲ. ಒಂದು ತಲೆಮಾರಿನವರಿಗೆ ಅನ್ನದ ದಾರಿ ಕಂಡಿತು ಎಂದೇ ಮುಂದಿನ ತಲೆಮಾರನ್ನು ಮನೆಯವರು ಕಳಿಸಿದರು. 2022ರಲ್ಲಿ ಅಲ್ಲಿಯ ಗಣಿ ಮುಚ್ಚಿತು. ತಂಡ ಮಾತ್ರ ಮುಚ್ಚಲಿಲ್ಲ.

ಬಹುಮಾನ ಬೇಡವೆಂದ ಮಾತು

ಮತ್ತೆ ಕುರುಬೂರಿಗೆ ಬರೋಣ. ವಿಶ್ವಕಪ್ ಗೆದ್ದು ಬಂದ ಕರ್ನಾಟಕದ ಇಬ್ಬರಿಗೆ, ಅಂದರೆ ಚೈತ್ರಾ ಹಾಗೂ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೆ, ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಆ ಹಣವನ್ನು ಒಲ್ಲೆವೆಂದರು. ಅದೇ ತಂಡಗಳಲ್ಲಿ ಆಡಿದ ಮಹಾರಾಷ್ಟ್ರದವರಿಗೆ ಅಲ್ಲಿನ ಸರ್ಕಾರ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿರುವಾಗ ನಮಗೇಕೆ ಈ ಭೇದ ಎಂಬುದು ಅವರ ಪ್ರಶ್ನೆಯಾಗಿತ್ತು.

ಇದನ್ನು ಹಣದ ಆಸೆ ಎಂದು ತಿಳಿದವರು ಹಳ್ಳಿಯ ಮನೆಯ ಲೆಕ್ಕ ಅರಿಯದವರು. ಎರಡು ಎಕರೆ ಜಮೀನಿನ ಮನೆಯಲ್ಲಿ ಹುಡುಗಿ ಹತ್ತು ವರ್ಷ ಮೈದಾನಕ್ಕೆ ಹೋಗುತ್ತಾಳೆ ಎಂದರೆ, ಆ ಹತ್ತು ವರ್ಷ ಸಂಜೆ ಹೊತ್ತು ಹಸುವಿಗೆ ಹುಲ್ಲು ತರುವ ಕೆಲಸವನ್ನು ಇನ್ನೊಬ್ಬರು ಮಾಡಿದ್ದಾರೆ ಎಂದರ್ಥ. ‘ಹೆಣ್ಣು ಹುಡುಗಿ ಚಡ್ಡಿ ಹಾಕಿಕೊಂಡು ಊರೂರು ತಿರುಗುತ್ತಾಳೆ’ ಎಂಬ ಮಾತನ್ನು ತಾಯಿ ನುಂಗಿಕೊಂಡಿದ್ದಾಳೆ. ಹಾಗಿರುವಾಗ, ಪದಕ ತಂದ ಹುಡುಗಿಗೆ ಬಾಳುವ ದಾರಿ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಊರಿಗೆ ಊರೇ ನೋಡುತ್ತಿರುತ್ತದೆ. ಸಿಕ್ಕರೆ ಮುಂದಿನ ಜೂನ್‌ನಲ್ಲಿ ಅಂಗಳಕ್ಕೆ ಇಪ್ಪತ್ತು ಮಕ್ಕಳು ಬರುತ್ತಾರೆ. ಸಿಗದಿದ್ದರೆ ಐದು. ಚೈತ್ರಾ ಎತ್ತಿದ ಪ್ರಶ್ನೆ ಇನ್ನೂ ಎಂಟನೇ ತರಗತಿಗೆ ಬಾರದ ಹುಡುಗಿಯರ ಪರವಾಗಿಯೂ ಎತ್ತಿದ ಪ್ರಶ್ನೆ.

ಪಾಲಕರು ತಿಳಿದಿರಬೇಕಾದದ್ದು

‘ಆಟ ಆಡಿದರೆ ಮಾರ್ಕ್ಸ್ ಬರುತ್ತದೆಯೇ?’ ಚಾಮರಾಜನಗರದ ಮನೆಯಲ್ಲೂ ಗುಂಡ್ಲುಪೇಟೆಯ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ. ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ದೆಹಲಿಯ ಅಂಕಣ ತಲುಪುವುದಿಲ್ಲ. ಆದರೆ ನಡುವಿನ ಮೆಟ್ಟಿಲುಗಳಿಗೂ ಬೆಲೆಯಿದೆ, ಅದು ಹಲವರಿಗೆ ಗೊತ್ತಿಲ್ಲ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಒಪ್ಪಿತವಾದ ಆಟಗಳ ಪಟ್ಟಿಯಲ್ಲಿ ಖೋ ಖೋ ಇದೆ. ರಾಜ್ಯದ ಶಾಲಾ ತಂಡದಲ್ಲಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟ ಆಡಿದವರು, ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದವರು ಈ ಅರ್ಹತೆಯೊಳಗೆ ಬರುತ್ತಾರೆ. ಅಂಚೆ, ರೈಲ್ವೆ ಮುಂತಾದ ಇಲಾಖೆಗಳು ಇಂಥ ಹುದ್ದೆಗಳಿಗೆ ಪ್ರಕಟಣೆ ಹೊರಡಿಸುವುದುಂಟು. ಸಿಇಟಿ ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವಾಗಲೂ ಕ್ರೀಡಾ ಕೋಟಾ ಇದೆ. ಇವೆಲ್ಲಕ್ಕೂ ಬೇಕಾದದ್ದು ಒಂದೇ, ಪ್ರಮಾಣಪತ್ರ. ಅದರಲ್ಲಿ ಹೆಸರು, ಜನ್ಮದಿನಾಂಕ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ ಎಂದು ಅಂದೇ ನೋಡಿಕೊಳ್ಳಬೇಕು. ಕ್ರೀಡಾಕೂಟ ಮುಗಿದ ಸಂಭ್ರಮದಲ್ಲಿ ಚೀಲದ ತಳಕ್ಕೆ ಸೇರಿದ ಕಾಗದ, ಐದು ವರ್ಷದ ನಂತರ ನೌಕರಿಯ ಅರ್ಜಿ ತುಂಬುವಾಗ ಬಂಗಾರಕ್ಕಿಂತ ಹೆಚ್ಚು.

ಇನ್ನೊಂದು ಅಪಾಯದ ತಿರುವು ಪಿಯುಸಿ. ಹತ್ತನೆಯ ತರಗತಿಯ ತನಕ ಊರಿನ ಶಾಲೆಯಲ್ಲಿ ಆಡಿದ ಹುಡುಗಿ ಪಟ್ಟಣದ ಕಾಲೇಜಿಗೆ ಸೇರಿದಾಗ ಅಲ್ಲಿ ತಂಡ ಇದೆಯೇ, ಸಂಜೆಯ ಬಸ್ಸು ತಪ್ಪದಂತೆ ಅಭ್ಯಾಸ ಮುಗಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನವರ ಆಟ ನಿಲ್ಲುವುದು ಸೋಲಿನಿಂದಲ್ಲ, ಈ ಬಸ್ಸಿನ ವೇಳೆಯಿಂದ. ಕಾಲೇಜು ಆರಿಸುವಾಗ ಯಾವ ವಿಷಯ ಎಂದು ವಿಚಾರಿಸುವ ಪಾಲಕರು ಮೈದಾನದ ಬಗೆಗೂ ಒಂದು ಮಾತು ವಿಚಾರಿಸಿದರೆ ಹುಡುಗಿಯ ಐದು ವರ್ಷದ ಶ್ರಮ ಉಳಿದೀತು.

ಚಾಮರಾಜನಗರದಲ್ಲಿ ಅಂಬೇಡ್ಕರ್ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ಪ್ರತಿ ಹೋಬಳಿಯಲ್ಲೂ ಅಂಕಣ ಹಾಕುವಷ್ಟು ನೆಲವಿದೆ. ಮಕ್ಕಳ ಕಾಲಿನಲ್ಲಿ ವೇಗಕ್ಕೇನೂ ಕೊರತೆಯಿಲ್ಲ. ಬೇಕಾದದ್ದು ವರ್ಷ ವರ್ಷವೂ ಕಡಿಯದ ಆ ಒಂದು ಸಂಜೆಯ ಹೊತ್ತು, ಮತ್ತು ಆಡಿ ಹೋದವರು ಒಮ್ಮೆ ಹಿಂತಿರುಗಿ ಬಂದು ಕೂತಿರುವ ಚಿಕ್ಕವಳ ಬೆನ್ನು ಮುಟ್ಟಿ ಹೇಳುವ ‘ಖೋ’.

ಎದ್ದು ಓಡುವುದು ಆಮೇಲೆ ಅವಳ ಕೆಲಸ.